ಹರಾಜಿನಲ್ಲಿರುವ ಹಳೆಯ ನಾಣ್ಯಕ್ಕೆ ಶೇಕಡಾ ಎಷ್ಟು ಕಡಿಮೆ ಆಫರ್ ಕೊಡಬಹುದು, ಜೊತೆಗೆ ಮಾರಾಟಗಾರರಿಗೆ ಏನೆಂದು ಬರೆದರೆ ಒಪ್ಪುತ್ತಾರೆ?

ಏನನ್ನೂ ಬರೆಯಬೇಡಿ. ಹರಾಜು ನಡೆಯುತ್ತಿರುವಾಗ ಆಫರ್ ಕಳಿಸುವ ಯೋಚನೆಯನ್ನೇ ಬಿಡಿ. ಇಷ್ಟು ಒರಟಾಗಿ ಹೇಳುತ್ತಿರುವುದಕ್ಕೆ ಕಾರಣವಿದೆ: ನಿಮ್ಮ ಪ್ರಶ್ನೆಯನ್ನೇ ಒಂದು ಕಾಲದಲ್ಲಿ ನಾನೂ ಬಲ್ಲವರಲ್ಲಿ ಕೇಳಿ, ಅವರು ಹೇಳಿಕೊಟ್ಟಂತೆ ವಿನಯದಿಂದ ಕಾಗದ ಬರೆದು, ಕೈಗೆ ಬಂದಂತೆಯೇ ಇದ್ದ ನಾಣ್ಯವನ್ನು ಕಳೆದುಕೊಂಡವನು.

ನಾನು ಧಾರವಾಡದವನು. ಟಿಪ್ಪು ಸುಲ್ತಾನನು ಹಲವು ಊರುಗಳಿಗೆ ಹೊಸ ಹೆಸರಿಟ್ಟಾಗ ಧಾರವಾಡವು ಖುರ್ಷೇದ್ ಸವಾದ್ ಆಯಿತು, ಆ ಹೆಸರಿನಲ್ಲಿ ಇಲ್ಲಿ ತಾಮ್ರದ ಪೈಸೆಗಳೂ ಅಚ್ಚಾದವು. 1791ರಲ್ಲಿ ಕೋಟೆಯು ಮರಾಠರ ವಶವಾದದ್ದರಿಂದ ಆ ಟಂಕಸಾಲೆ ನಡೆದದ್ದು ಸ್ವಲ್ಪವೇ ಕಾಲ. ಹೀಗಾಗಿ ಪಟ್ಟಣದ, ಅಂದರೆ ಶ್ರೀರಂಗಪಟ್ಟಣದ, ಆನೆಯ ಚಿತ್ರವಿರುವ ಪೈಸೆಗಳು ಸಿಕ್ಕಷ್ಟು ಸಲೀಸಾಗಿ ನಮ್ಮೂರಿನ ಪೈಸೆ ಸಿಗುವುದಿಲ್ಲ. ಅಂಥದೊಂದು ಇಬೇ ಜಾಲತಾಣದಲ್ಲಿ ಇಂಗ್ಲೆಂಡಿನ ವ್ಯಾಪಾರಿಯೊಬ್ಬರ ಹರಾಜಿನಲ್ಲಿ, 'ಭಾರತದ ಸಂಸ್ಥಾನ, ತಾಮ್ರ, ಆನೆ' ಎಂಬಷ್ಟೇ ವಿವರಣೆಯೊಂದಿಗೆ, ನನ್ನ ಕಣ್ಣಿಗೆ ಬಿತ್ತು. ಆನೆಯ ಬೆನ್ನು ಸವೆದಿತ್ತು. ಹಿಂಬದಿಯ ಫಾರ್ಸಿ ಬರಹದಲ್ಲಿ ಖುರ್ಷೇದ್ ಎಂಬುದರ ಅರ್ಧ ಭಾಗ ನಾಣ್ಯದ ಅಂಚಿನಿಂದಾಚೆಗೆ ಹೋಗಿದ್ದರೂ ಸವಾದ್ ಎಂಬುದು ಸ್ಪಷ್ಟವಾಗಿತ್ತು. ಆರಂಭದ ಬೆಲೆ ಸಾಮಾನ್ಯ ಪೈಸೆಯದು, ಒಂದು ಬಿಡ್ ಕೂಡ ಬಿದ್ದಿರಲಿಲ್ಲ.

ಸುಮ್ಮನೆ ಬಿಡ್ ಮಾಡಿದ್ದರೆ ಮುಗಿಯುತ್ತಿತ್ತು. ಹಾಗೆ ಮಾಡದೆ, ಹರಾಜನ್ನು ಮುಂಚಿತವಾಗಿ ಮುಗಿಸಿ ನನಗೇ ಕೊಡುವಿರಾ ಎಂದು ಆರಂಭದ ಬೆಲೆಗಿಂತ ತುಸು ಹೆಚ್ಚಿನ ಮೊತ್ತವನ್ನು ಹೇಳಿ ಬರೆದೆ. ಅದರಿಂದಲೂ ಅಷ್ಟು ಕೆಡುತ್ತಿರಲಿಲ್ಲವೇನೋ. ಆದರೆ ನಾನು ದುಡ್ಡಿನ ಲೆಕ್ಕದವನಲ್ಲ, ನಾಣ್ಯ ಬಲ್ಲವನು ಎಂದು ತೋರಿಸಿಕೊಂಡರೆ ಅವರು ಒಲಿಯುತ್ತಾರೆಂಬ ಭ್ರಮೆಯಲ್ಲಿ, ಈ ಪೈಸೆಯ ಮೇಲಿರುವುದು ಟಿಪ್ಪು ತಾನೇ ಜಾರಿಗೆ ತಂದ ಮೌಲೂದಿ ಎಂಬ ವರ್ಷಗಣನೆಯ ಇಸವಿಯೆಂದೂ, ಅದರ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕೆಂದೂ, ಟಂಕಸಾಲೆ ಧಾರವಾಡವೆಂದೂ, ಅದು ನನ್ನ ಹುಟ್ಟೂರೆಂದೂ, ಬಹುಕಾಲದಿಂದ ಇದನ್ನೇ ಹುಡುಕುತ್ತಿರುವೆನೆಂದೂ ವಿವರವಾಗಿ ತಿಳಿಸಿದೆ. ಸ್ವಲ್ಪ ಹೊತ್ತಿನಲ್ಲೇ ಬಹಳ ಸೌಜನ್ಯದ ಉತ್ತರ ಬಂತು: ಮಾಹಿತಿಗೆ ಕೃತಜ್ಞತೆಗಳು, ಹರಾಜು ಮುಂದುವರಿಯಲಿದೆ. ಆಮೇಲೆ ನೋಡಿದರೆ ಶೀರ್ಷಿಕೆಯಲ್ಲಿ ಟಿಪ್ಪು, ಧಾರವಾಡ, ಅಪರೂಪ ಎಂಬ ಪದಗಳೆಲ್ಲ ಬಂದು ಕೂತಿದ್ದವು, ಆರಂಭದ ಬೆಲೆಯೂ ಏರಿತ್ತು. ಆ ಪದಗಳನ್ನು ಹುಡುಕುವ ಸಂಗ್ರಾಹಕರೆಲ್ಲ ಸೇರಿ ಕೊನೆಗೆ ಅದನ್ನು ನನ್ನ ಅಳವಿಗೆ ಮೀರಿದ ಬೆಲೆಗೆ ಒಯ್ದರು.

ವ್ಯಾಪಾರಿಯನ್ನು ನಾನು ದೂರುವುದಿಲ್ಲ. ಬಿಡ್ ಬೀಳದ ಹರಾಜಿನಲ್ಲಿ ಶೀರ್ಷಿಕೆ, ಬೆಲೆ ಎರಡನ್ನೂ ಬದಲಿಸಲು ಅವರಿಗೆ ಅವಕಾಶವಿರುತ್ತದೆ, ಬಿಡ್ ಬಿದ್ದ ಮೇಲೆ ಆರಂಭದ ಬೆಲೆಯನ್ನು ಏರಿಸಲಾಗುವುದಿಲ್ಲ. ನನ್ನ ಒಂದು ಬಿಡ್ ಆ ಬಾಗಿಲನ್ನು ಮುಚ್ಚುತ್ತಿತ್ತು, ನನ್ನ ಕಾಗದ ಅದನ್ನು ಹಾರುಹೊಡೆಯಿತು. ಇದಕ್ಕಿಂತ ದೊಡ್ಡ ಪ್ರಮಾದವೆಂದರೆ, ಎಷ್ಟು ಆಸೆಯಿದೆ ಎಂಬುದನ್ನು ಮಾರುವವರ ಮುಂದೆಯೇ ಬಿಚ್ಚಿಟ್ಟದ್ದು. ಸಂತೆಯಲ್ಲಿ ಎತ್ತಿನ ಬೆಲೆ ಕೇಳುವ ಮುನ್ನವೇ ಅದರ ಸುಳಿಯನ್ನು ಹೊಗಳುವ ರೈತನನ್ನು ನೀವು ಕಂಡಿದ್ದೀರಾ? (ಮಾರುವವರು ಅಂಗಡಿಯವರಲ್ಲದೆ ಅಜ್ಜನ ಪೆಟ್ಟಿಗೆ ಖಾಲಿ ಮಾಡುತ್ತಿರುವ ಮನೆಯವರಾಗಿದ್ದರೆ ಇರುವ ಸಂಗತಿಯನ್ನು ತಿಳಿಸಿಯೇ ಕೊಳ್ಳುವೆ. ಅದು ಬೇರೆ ಮಾತು.)

ಆದ್ದರಿಂದ 'ಶೇಕಡಾ ಎಷ್ಟು ಕಡಿಮೆ' ಎಂಬ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ಮಾರಾಟಗಾರರು ಬರೆದ ಬೆಲೆ ಅವರ ಆಸೆ ಮಾತ್ರ, ಅದರಲ್ಲಿ ಶೇಕಡಾ ಕಳೆದರೆ ಉಳಿಯುವುದೂ ಆಸೆಯ ಒಂದು ಪಾಲೇ. ಇಬೇಯಲ್ಲಿ ಮಾರಾಟವಾಗಿ ಮುಗಿದವುಗಳನ್ನು ಮಾತ್ರ ತೋರಿಸುವ ಆಯ್ಕೆಯಿದೆ. ಅದೇ ಟಂಕಸಾಲೆಯ, ಅದೇ ಸವಕಳಿಯ ನಾಣ್ಯಗಳು ನಿಜವಾಗಿ ಎಷ್ಟಕ್ಕೆ ಹೋಗಿವೆ ಎಂದು ಅಲ್ಲಿ ನೋಡಿ, ನಿಮ್ಮ ಗರಿಷ್ಠ ಮೊತ್ತವನ್ನು ನಿಶ್ಚಯಿಸಿಕೊಳ್ಳಿ. ಹರಾಜಾದರೆ, ಯಾರೂ ಬಿಡ್ ಮಾಡಿರದಿದ್ದಲ್ಲಿ ಆರಂಭದ ಬೆಲೆಗೊಂದು ಬಿಡ್ ಹಾಕಿಟ್ಟು, ಆ ಮೊತ್ತವನ್ನು ಕೊನೆಯ ಗಳಿಗೆಯಲ್ಲಿ ಒಮ್ಮೆಲೇ ನಮೂದಿಸಿ. ಎದುರಾಳಿಯನ್ನು ಮೀರಿಸಲು ಬೇಕಾದಷ್ಟನ್ನೇ ವ್ಯವಸ್ಥೆ ಬಳಸಿಕೊಳ್ಳುತ್ತದೆ, ಪೂರ್ತಿ ಮೊತ್ತ ತೆರಲೇಬೇಕೆಂದೇನಿಲ್ಲ.

ಆಫರಿಗೆ ಸರಿಯಾದ ಜಾಗ ನಿಗದಿತ ಬೆಲೆಯ, ಆಫರ್ ಸ್ವೀಕರಿಸುತ್ತೇವೆ ಎಂದು ಹೇಳಿರುವ ಪಟ್ಟಿಗಳು. ಅದರಲ್ಲೂ ಹರಾಜಿನಲ್ಲಿ ಮಾರಾಟವಾಗದೆ ಮತ್ತೆ ಪಟ್ಟಿಗೆ ಬಂದ ವಸ್ತುವಿಗೆ ಆಫರ್ ಕೊಡುವುದೇ ನನಗೆ ಅತಿ ಇಷ್ಟ, ಏಕೆಂದರೆ ಆ ಬೆಲೆಗೆ ಯಾರೂ ಬರಲಿಲ್ಲವೆಂಬುದನ್ನು ಅವರು ಆಗಲೇ ಕಂಡಿರುತ್ತಾರೆ. ಸಂಖ್ಯೆಯನ್ನಷ್ಟೇ ಕಳಿಸಿ. ಉತ್ತರಿಸಲು ಅವರಿಗೆ ನಿಗದಿತ ಕಾಲಾವಕಾಶ ಇರುತ್ತದೆ, ನಡುವೆ ನೆನಪಿಸಬೇಡಿ. ಇಂತಿಷ್ಟಕ್ಕಿಂತ ಕಡಿಮೆ ಬಂದರೆ ತಾನಾಗಿಯೇ ತಿರಸ್ಕರಿಸುವಂತೆ ಹಲವರು ಮೊದಲೇ ಹೊಂದಿಸಿರುವುದರಿಂದ ಕ್ಷಣದಲ್ಲೇ ನಿರಾಕರಣೆ ಬಂದರೆ ಅವಮಾನವೆಂದು ಭಾವಿಸಬೇಕಾಗಿಲ್ಲ. ಇಬೇಯ ಹೊರಗೆ ಹಣ ಕಳಿಸಿ, ಇನ್ನೂ ಕಡಿಮೆಗೆ ಕೊಡುತ್ತೇನೆ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ, ಖೋಟಾ ನಾಣ್ಯ ಬಂದರೆ ಇಬೇಗೆ ದೂರು ಕೊಡಲು ಆಗ ದಾರಿಯೇ ಇರುವುದಿಲ್ಲ. ಆಫರ್ ಒಪ್ಪಿತವಾದರೆ ಹಣ ಕೊಡಲೇಬೇಕಾಗುತ್ತದೆ. ವಿದೇಶದಿಂದ ತರಿಸುವಿರಾದರೆ ಅಂಚೆ ವೆಚ್ಚವನ್ನೂ ಸುಂಕವನ್ನೂ ನಿಮ್ಮ ಗರಿಷ್ಠ ಮೊತ್ತದಿಂದ ಕಳೆದೇ ಆ ಸಂಖ್ಯೆಯನ್ನು ಬರೆಯಿರಿ.