ಬೇಸ್ ನುಡಿಸಿದವರು ಎಲ್ಲಿ ಹೋದರು?

ಪ್ರಿಯರೇ,

ಪಿಯಾನೋ ವಾದಕ ಕೀತ್ ಜ್ಯಾರೆಟ್ ಮತ್ತು ಬೇಸ್ ವಾದಕ ಚಾರ್ಲಿ ಹೇಡನ್ ಅವರ ‘ಜಾಸ್ಮಿನ್’ ಆಲ್ಬಂ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಕನ್ನಡದಲ್ಲಿ ಜಾಝ್ ಬಗ್ಗೆ ಬರೆಯುವವರೇ ಕಡಿಮೆ. ಅದರಲ್ಲೂ ನೀವು ಬರೀ ಪಿಯಾನೋ ಮತ್ತು ಬೇಸ್ (ಡಬಲ್ ಬೇಸ್, ತಗ್ಗಿನ ಸ್ವರದ ಆಳೆತ್ತರದ ತಂತಿವಾದ್ಯ) ಇರುವ ಆಲ್ಬಂ ಆರಿಸಿಕೊಂಡಿದ್ದೀರಿ, ಖುಷಿಯಾಯಿತು. ಭಾಷೆ ಸಲೀಸಾಗಿದೆ. ಕಾಗುಣಿತದ ತಪ್ಪಿಲ್ಲ, ಈಗಿನ ಕಾಲಕ್ಕೆ ಅದೂ ಅಪರೂಪ. ಹೊಗಳಿಕೆ ಇಷ್ಟು ಸಾಕು ಅಲ್ವಾ? ಇನ್ನು ನನ್ನ ತಕರಾರಿಗೆ ಬರುತ್ತೇನೆ.

ಆಲ್ಬಂನಲ್ಲಿ ಇರುವುದು ಇಬ್ಬರೇ. ನಿಮ್ಮ ಲೇಖನದಲ್ಲಿ 14 ಪ್ಯಾರಾ ಇದೆ. ಹೇಡನ್ ಬರುವುದು 11ನೆಯ ಪ್ಯಾರಾದಲ್ಲಿ, ಒಂದೇ ಒಂದು ವಾಕ್ಯದಲ್ಲಿ: ‘ಹೇಡನ್ ಅವರ ಬೇಸ್ ಪಿಯಾನೋಗೆ ಸಮರ್ಥವಾಗಿ ಸಾಥ್ ನೀಡಿದೆ.’ ಆಮೇಲೆ ಅವರ ಸುದ್ದಿಯೇ ಇಲ್ಲ.

ಈ ವಾಕ್ಯ ನನಗೆ ಹಳೇ ಪರಿಚಯ. ನಾನು ಪತ್ರಿಕೆಗೆ ಸೇರಿದ ಹೊಸದರಲ್ಲಿ ಬೆಂಗಳೂರಿನ ರಾಮನವಮಿ ಕಚೇರಿಗಳ ವಿಮರ್ಶೆ ಬರೆಯುವ ಕೆಲಸ ಕಿರಿಯರ ತಲೆಗೆ ಬೀಳುತ್ತಿತ್ತು. ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದಲ್ಲಿ ಕಚೇರಿ ಕೇಳಿ, ಆಫೀಸಿಗೆ ಓಡಿ ಬಂದು ಬರೆಯಬೇಕು. ಗಾಯಕರ ಬಗ್ಗೆ ಮುಕ್ಕಾಲು ಕಾಲಂ. ಕೊನೆಗೆ ‘ಪಿಟೀಲಿನಲ್ಲಿ ಇಂಥವರು, ಮೃದಂಗದಲ್ಲಿ ಇಂಥವರು ಸಮರ್ಥವಾಗಿ ಸಾಥ್ ನೀಡಿದರು’. ಎಲ್ಲರೂ ಹೀಗೇ ಬರೆಯುತ್ತಿದ್ದೆವು. ಪುರವಣಿ ನೋಡಿಕೊಳ್ಳುತ್ತಿದ್ದ ಹಿರಿಯರೊಬ್ಬರು ಒಂದು ದಿನ ಮೊಳೆ ಜೋಡಿಸುವವರಿಗೆ ಕೂಗಿ ಹೇಳಿದರು: ‘ಆ ಕೊನೇ ಸಾಲು ಬಿಚ್ಚಬೇಡ್ರಪ್ಪಾ, ಹಾಗೇ ಇಟ್ಟಿರಿ. ನಾಳೆ ಹೆಸರು ಬದಲಾಯಿಸಿದರೆ ಆಯ್ತು.’

ಆಮೇಲೆ ನನ್ನನ್ನು ಕರೆದು, ‘ಇವತ್ತು ಗಾಯಕಿ ಬಗ್ಗೆ ಒಂದಕ್ಷರ ಬರೀಬೇಡ, ಬರೀ ಮೃದಂಗ ಕೇಳಿಕೊಂಡು ಬಾ’ ಅಂದರು. ಹೋದೆ. ಆಕೆ ತಾರಷಡ್ಜದಲ್ಲಿ ನಿಂತಾಗ ಮೃದಂಗದವರು ಕೈ ಎತ್ತಿಬಿಟ್ಟರು. ಒಂದು ಆವರ್ತನ ಪೂರ್ತಿ ಏನೂ ನುಡಿಸಲಿಲ್ಲ. ಆ ಷಡ್ಜ ಅಷ್ಟು ದೊಡ್ಡದಾಗಿ ಕೇಳಿಸಿದ್ದು ಅದರಿಂದಲೇ. ಅದನ್ನೇ ಬರೆದೆ, ಅಚ್ಚೂ ಆಯಿತು. ಗಾಯಕಿಯ ಕಡೆಯವರು ಫೋನ್ ಮಾಡಿ ಬೈದರು ಅನ್ನೋದು ಬೇರೆ ವಿಷಯ.

ನಿಮಗೆ ಹೇಡನ್ ಯಾಕೆ ಸಿಗಲಿಲ್ಲ ಅನ್ನೋದಕ್ಕೆ ಮೊದಲ ಪ್ಯಾರಾದಲ್ಲೇ ಸುಳಿವಿದೆ: ‘ಮಳೆ ಸುರಿಯುವ ರಾತ್ರಿ, ಬಾಲ್ಕನಿಯಲ್ಲಿ ಫೋನ್ ಪಕ್ಕಕ್ಕಿಟ್ಟು ಕೇಳುತ್ತಾ ಕುಳಿತೆ.’ ಫೋನಿನ ಸ್ಪೀಕರ್, ಜತೆಗೆ ಮಳೆ! ಡಬಲ್ ಬೇಸಿನ ಅತಿ ಕೆಳಗಿನ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತೆ. ಅಷ್ಟು ತಗ್ಗಿನ ಸ್ವರ ಹೊರಡಿಸುವ ತಾಕತ್ತು ಫೋನಿನ ಪುಟ್ಟ ಸ್ಪೀಕರಿಗೆ ಇಲ್ಲ. ಹೇಡನ್ ಬೇರೆ ಮೇಲಿನ ಸ್ವರಗಳಲ್ಲಿ ಓಡಾಡಿ ಚಮತ್ಕಾರ ತೋರಿಸುವವರಲ್ಲ, ಜಾಸ್ತಿ ಹೊತ್ತು ಕೆಳಗೇ ಇರುತ್ತಾರೆ. ಅಂದರೆ ಅರ್ಧ ಆಲ್ಬಂ ನಿಮಗೆ ಕೇಳಿಸಿಯೇ ಇಲ್ಲ ಅಂತ ನನ್ನ ಗುಮಾನಿ.

‘ಡ್ರಮ್ಸ್ ಇಲ್ಲದ ಕೊರತೆ ಎಲ್ಲೂ ಕಾಣುವುದಿಲ್ಲ’ ಅಂತ ಬರೆದಿದ್ದೀರಿ. ಕೊರತೆ ಅಂದವರು ಯಾರು? ಡ್ರಮ್ಸ್ ಇಲ್ಲ ಅಂದರೆ ಲಯ ಹಿಡಿಯುವ ಕೆಲಸ ಹೆಚ್ಚಾಗಿ ಬೇಸಿನ ಮೇಲೆ ಬೀಳುತ್ತೆ. ಸ್ವರಗಳಿಗೆ ಬುನಾದಿ ಹಾಕುವುದೂ ಅದೇ. ಪಿಯಾನೋ ಒಂಟಿಯಾಗಿದ್ದರೆ ಆ ಬುನಾದಿ ಎಡಗೈಯ ಪಾಲು. ಪಕ್ಕದಲ್ಲಿ ಬೇಸ್ ಬಂದಾಗ ಎಡಗೈ ಆ ಜಾಗ ಬಿಟ್ಟುಕೊಡಬೇಕು, ಇಲ್ಲದಿದ್ದರೆ ಎರಡೂ ಸೇರಿ ಗೊಜಗೊಜ. ಇನ್ನು ಬೇಸಿನವರು ಸೋಲೋಗೆ ಇಳಿದರೆ ಕೆಳಗಡೆ ಪೂರ್ತಿ ಖಾಲಿ. ಆಗ ಜ್ಯಾರೆಟ್ ಏನು ಮಾಡುತ್ತಾರೆ? ತುಂಬುತ್ತಾರಾ, ಸುಮ್ನೆ ಇರುತ್ತಾರಾ? ನಿಮ್ಮಿಂದ ನಾನು ತಿಳಿದುಕೊಳ್ಳಬೇಕು ಅಂದುಕೊಂಡದ್ದು ಇದನ್ನೇ. ನೀವು ‘ಅನಿರ್ವಚನೀಯ’ ಅಂದು ಮುಂದಕ್ಕೆ ಹೋಗಿಬಿಟ್ಟಿರಿ.

‘ಬಾಡಿ ಅಂಡ್ ಸೋಲ್‌ನಲ್ಲಿ ಇಬ್ಬರೂ ಒಂದಾಗಿ ಕರಗಿಹೋಗುತ್ತಾರೆ.’ ಕರಗಲಿಕ್ಕೆ ಅವರೇನು ಬೆಲ್ಲವೇ? ಅದು 1930ರ ಹಾಡು, ನೂರಾರು ಜನ ನುಡಿಸಿದ್ದಾರೆ. ಎಂಟೆಂಟು ಬಾರಿನ (ಬಾರ್ ಅಂದರೆ ತಾಳದ ಒಂದು ಸುತ್ತು) ನಾಲ್ಕು ಭಾಗ. ಮೂರನೆಯ ಭಾಗ ಬಂದಾಗ ಶ್ರುತಿಯೇ ಅರ್ಧ ಸ್ವರ ಮೇಲಕ್ಕೆ ಜರುಗುತ್ತೆ, ಕಚೇರಿ ಮಧ್ಯೆ ತಂಬೂರಿ ಬದಲಾಯಿಸಿದ ಹಾಗೆ ಆಗುತ್ತೆ ನಮ್ಮ ಕಿವಿಗೆ. ಆಮೇಲೆ ಮತ್ತೆ ಹಳೇ ಜಾಗಕ್ಕೆ ಇಳಿಯಬೇಕು. ಹತ್ತಿ ಇಳಿಯುವ ಆ ಎರಡು ತಿರುವುಗಳಲ್ಲಿ ಬೇಸಿನ ಮೇಲೆ ಮಾತ್ರ ಕಿವಿ ಇಟ್ಟು ನೋಡಿ. ಕರಗಿದವರು ಅಲ್ಲಿ ದಾರಿ ತೋರಿಸಲಾರರು.

ಇದೇ ಹಾಡನ್ನು ಹೆಸರಾಂತ ಬ್ಯಾಂಡ್ ನಾಯಕ ಡ್ಯೂಕ್ ಎಲಿಂಗ್ಟನ್ ಮತ್ತು ಅವರ ಬೇಸ್ ವಾದಕ ಜಿಮ್ಮಿ ಬ್ಲಾಂಟನ್ 1940ರಲ್ಲಿ ಶಿಕಾಗೋದಲ್ಲಿ ಧ್ವನಿಮುದ್ರಿಸಿದ್ದರು. ಅವರೂ ಇಬ್ಬರೇ. ಪಿಯಾನೋ, ಬೇಸ್. ಬ್ಲಾಂಟನ್ ಕಮಾನು ಹಿಡಿದು ರಾಗ ಎತ್ತಿಕೊಳ್ಳುತ್ತಾರೆ, ಎಲಿಂಗ್ಟನ್‌ರಂಥವರು ಹಿಂದೆ ಸರಿದು ಜಾಗ ಬಿಡುತ್ತಾರೆ. ಹಳೇ 78ರ ಗ್ರಾಮಫೋನ್ ತಟ್ಟೆ, ಮೂರು ನಿಮಿಷದ ಆಸುಪಾಸಿನಲ್ಲಿ ಮುಗಿಯಬೇಕು. ಜ್ಯಾರೆಟ್ ಮತ್ತು ಹೇಡನ್ ಅದನ್ನೇ 11 ನಿಮಿಷ ನುಡಿಸುತ್ತಾರೆ. ಬ್ಲಾಂಟನ್ 1942ರಲ್ಲಿ ಕ್ಷಯದಿಂದ ತೀರಿಕೊಂಡಾಗ 23 ವರ್ಷ. ಅವರು ಬರುವವರೆಗೆ ಜಾಝ್ ಬ್ಯಾಂಡಿನ ಬೇಸಿನವರಿಗೆ ತಾಳ ಹಾಕುವುದು ಬಿಟ್ಟರೆ ಬೇರೆ ಕೆಲಸ ಸಿಗುತ್ತಿದ್ದದ್ದೇ ಕಡಿಮೆ. ‘ಸಮರ್ಥ ಸಾಥ್’ ಅನ್ನುವ ಮಾತು ಆಗಲೇ ಹಳತಾಗಿತ್ತು, ಅದಾಗಿ 80 ವರ್ಷ ದಾಟಿದ ಮೇಲೆ ನೀವು ಅದನ್ನು ಮತ್ತೆ ತರುತ್ತಿದ್ದೀರಿ.

ಜಾಗ ಸಾಲಲಿಲ್ಲ ಅನ್ನಬೇಡಿ. 1975ರಲ್ಲಿ ಜರ್ಮನಿಯ ಕಲೋನ್‌ನಲ್ಲಿ ಜ್ಯಾರೆಟ್ ಕೊಟ್ಟ ಕಚೇರಿಯಲ್ಲಿ ಕೆಟ್ಟ ಪಿಯಾನೋ ಸಿಕ್ಕಿದ ಕಥೆಗೆ ಮೂರು ಪ್ಯಾರಾ ಕೊಟ್ಟಿದ್ದೀರಿ. ಕಥೆ ಚೆನ್ನಾಗಿದೆ, ಜ್ಯಾರೆಟ್ ಹೆಸರು ಕೇಳಿದವರಿಗೆಲ್ಲ ಗೊತ್ತು, ಈ ಆಲ್ಬಂಗೆ ಸಂಬಂಧ ಇಲ್ಲ. ಅದನ್ನು ತೆಗೆದು, ಆ ಜಾಗಕ್ಕೆ ಹೇಡನ್ ಕಥೆ ಹಾಕಿ. ಹೇಡನ್ ಚಿಕ್ಕ ಮಗುವಾಗಿದ್ದಾಗಿನಿಂದ ಮನೆಯವರ ಜತೆ ರೇಡಿಯೋದಲ್ಲಿ ಹಾಡುತ್ತಿದ್ದವರು. ಹದಿಹರೆಯದಲ್ಲಿ ಪೋಲಿಯೋ ಬಂದು ಗಂಟಲಿಗೆ ಪೆಟ್ಟಾಯಿತು, ಹಾಡು ನಿಂತಿತು, ಬೇಸ್ ಉಳಿಯಿತು. ಅವರ ಸೋಲೋ ಯಾಕೆ ಅಷ್ಟು ನಿಧಾನ, ಒಂದೊಂದು ಸಾಲಿನ ಕೊನೆಗೆ ಉಸಿರೆಳೆದುಕೊಂಡ ಹಾಗೆ ಯಾಕೆ ನಿಲ್ಲುತ್ತಾರೆ ಅನ್ನೋದಕ್ಕೆ ನನಗೆ ಇದಕ್ಕಿಂತ ಒಳ್ಳೆ ಉತ್ತರ ಸಿಕ್ಕಿಲ್ಲ. ಇಬ್ಬರೂ ಒಟ್ಟಿಗೆ ರೆಕಾರ್ಡ್ ಮಾಡಿ 30 ವರ್ಷ ಕಳೆದ ಮೇಲೆ, 2007ರಲ್ಲಿ, ನ್ಯೂಜೆರ್ಸಿಯ ಜ್ಯಾರೆಟ್ ಮನೆಯ ಸ್ಟುಡಿಯೋದಲ್ಲಿ ಕೂತು ಇದನ್ನು ನುಡಿಸಿದರು. ಆಲ್ಬಂ 2010ರಲ್ಲಿ ಬಂತು. 2014ರಲ್ಲಿ ಹೇಡನ್ ಹೋದರು. ಈ ಇಸವಿಗಳೂ ನಿಮ್ಮ ಲೇಖನದಲ್ಲಿ ಇಲ್ಲ.

ಉಳಿದ ಪ್ಯಾರಾಗಳ ಬಗ್ಗೆ ಈಗ ಏನೂ ಹೇಳುವುದಿಲ್ಲ. ಮೊದಲು ‘ಬಾಡಿ ಅಂಡ್ ಸೋಲ್’ ಒಂದರ ಬಗ್ಗೆ ಎರಡು ಪ್ಯಾರಾ ಬರೆದು ಕಳಿಸಿ, ಬೇಸಿನ ಕಡೆಯಿಂದ. ಅದು ಸರಿ ಬಂದರೆ ಮುಂದಿನ ಸಂಚಿಕೆಯಲ್ಲಿ ಎರಡು ಪುಟ ಇಡುತ್ತೇನೆ. ಸಂಭಾವನೆ ಎಷ್ಟು ಅಂತ ಕೇಳಿದ್ದಿರಿ. ದೊಡ್ಡ ಮೊತ್ತ ಏನಲ್ಲ, ಒಂದು ಒಳ್ಳೆ ಇಯರ್‌ಫೋನ್ ಬರಬಹುದು. ದಯವಿಟ್ಟು ಅದನ್ನು ಮೊದಲೇ ಕೊಂಡುಕೊಳ್ಳಿ.

ನಿಮ್ಮ,
ಸಂಪಾದಕ