ಎಪಿಡ್ಯೂರಲ್ ಬೇಕೋ ಬೇಡವೋ: ಮೊದಲು ಆಸ್ಪತ್ರೆಯಲ್ಲಿ ವಿಚಾರಿಸಿ

ನಾನು ಬಳ್ಳಾರಿಯಲ್ಲಿ ಅರಿವಳಿಕೆ ತಜ್ಞೆ. ಓದುಗರು ಕಳಿಸುವ ಪ್ರಶ್ನೆಗಳಲ್ಲಿ ಒಂದು ಮಾತ್ರ ಎಷ್ಟು ಉತ್ತರಿಸಿದರೂ ಮತ್ತೆ ಬರುತ್ತದೆ. ಹೆರಿಗೆ ನೋವಿಗೆ ಸೊಂಟಕ್ಕೆ ಕೊಡುವ ಇಂಜೆಕ್ಷನ್, ಅಂದರೆ ಎಪಿಡ್ಯೂರಲ್, ತಗೋಬೇಕಾ, ಬೇಡವಾ? ವಾಟ್ಸಾಪ್‌ನಲ್ಲಿ ಬಂದ ಒಂದು ವಿಡಿಯೋ, ಓಣಿಯಲ್ಲಿ ಯಾರೋ ಅಂದ ಒಂದು ಮಾತು, ಅಷ್ಟರ ಮೇಲೆ ಮನೆಯವರು ತೀರ್ಮಾನ ಮಾಡಿಬಿಡುತ್ತಾರೆ. ನೋವು ತಿನ್ನುವವಳನ್ನು ಕೇಳುವುದು ಕೊನೆಗೆ. ಇದು ನನಗೆ ಸಿಟ್ಟು ತರಿಸುತ್ತದೆ. ಅದಕ್ಕೇ ಈ ಸಲ ಈ ಒಂದು ಪ್ರಶ್ನೆಗೆ ಬಿಡಿಸಿ ಉತ್ತರಿಸುತ್ತೇನೆ. ಉಳಿದವಕ್ಕೆ ಚುಟುಕಾಗಿ. ಸಿಂಧನೂರಿನಿಂದ ಬಂದ ಪತ್ರ ಇದು:

ನನಗೆ ಏಳೂವರೆ ತಿಂಗಳು, ಮೊದಲ ಹೆರಿಗೆ. ಕುಬುಸ ಮುಗಿಸಿ ತವರಿಗೆ, ಸಿಂಧನೂರಿಗೆ ಬಂದಿದ್ದೇನೆ. ಎಪಿಡ್ಯೂರಲ್ ತಗೋಬೇಕು ಅಂತ ಆಸೆ. ಅತ್ತೆ ‘ನಾವೆಲ್ಲ ಹಂಗ ಹಡದಿಲ್ಲೇನು’ ಅಂತಾರೆ. ಅಕ್ಕನಿಗೆ ಸಿಸೇರಿಯನ್ನಿನಲ್ಲಿ ಬೆನ್ನಿಗೆ ಇಂಜೆಕ್ಷನ್ ಕೊಟ್ಟರು, ಅವತ್ತಿನಿಂದ ಸೊಂಟನೋವು ಬಿಟ್ಟಿಲ್ಲ. ಎಪಿಡ್ಯೂರಲ್ ಕೊಟ್ಟರೆ ಸಿಸೇರಿಯನ್ ಆಗೇ ಆಗುತ್ತೆ ಅಂತಲೂ ಹೇಳ್ತಾರೆ. ಏನು ಮಾಡಲಿ?

ಮೊದಲು ಅಕ್ಕನ ಸೊಂಟದ ವಿಷಯ. ಆಕೆಗೆ ಕೊಟ್ಟಿದ್ದು ಬಹುಶಃ ಸ್ಪೈನಲ್. ಸಣ್ಣ ಸೂಜಿಯಲ್ಲಿ ಒಂದೇ ಸಲ ಔಷಧಿ ಬಿಟ್ಟು ಸೂಜಿ ತೆಗೆದುಬಿಡುತ್ತಾರೆ. ಎಪಿಡ್ಯೂರಲ್‌ನಲ್ಲಿ ಬೆನ್ನುಹುರಿಯ ಹೊದಿಕೆಯ ಹೊರಗೆ ಒಂದು ತೆಳ್ಳನೆ ನಳಿಕೆ ಇಟ್ಟು, ಬೇಕಾದಷ್ಟು ಹೊತ್ತು ಔಷಧಿ ಕೊಡುತ್ತಾ ಹೋಗುತ್ತೇವೆ. ಬೆನ್ನುಹುರಿ ಮುಗಿಯುವ ಜಾಗಕ್ಕಿಂತ ಕೆಳಗೇ ಎರಡನ್ನೂ ಹಾಕುವುದು. ಚುಚ್ಚಿದ ಜಾಗ ಕೆಲವು ದಿನ ಮುಟ್ಟಿದರೆ ನೋಯಬಹುದು. ವರ್ಷಗಟ್ಟಲೆ ಉಳಿಯುವ ಸೊಂಟನೋವಿಗೆ ಇದು ಕಾರಣ ಅಲ್ಲ. ಎಪಿಡ್ಯೂರಲ್ ತಗೊಂಡವರನ್ನೂ ತಗೊಳ್ಳದವರನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ಸೊಂಟನೋವು ಎರಡೂ ಕಡೆ ಹೆಚ್ಚುಕಮ್ಮಿ ಒಂದೇ ಇತ್ತು.

ಹಾಗಾದರೆ ನೋವು ಎಲ್ಲಿಂದ ಬಂತು? ಒಂಬತ್ತು ತಿಂಗಳ ಭಾರಕ್ಕೆ ಸೊಂಟ ಮುಂದೆ ಬಾಗಿರುತ್ತದೆ, ಕೀಲುಗಳು ಸಡಿಲ ಆಗಿರುತ್ತವೆ. ಹೆರಿಗೆ ಆದ ಮೇಲೆ ನಮ್ಮ ಬಾಣಂತಿ ಕೋಣೆಗೆ ಒಮ್ಮೆ ಹೋಗಿ ನೋಡಿ. ಹೊರಸಿನ ನಡುವೆ ಕೂತಿರುತ್ತಾಳೆ, ಬೆನ್ನಿಗೆ ಆಸರೆ ಇಲ್ಲ, ಕೂಸಿನ ಮೇಲೆ ಬಗ್ಗಿ ದಿನಕ್ಕೆ ಹತ್ತು-ಹನ್ನೆರಡು ಸಲ ಹಾಲು ಕುಡಿಸುತ್ತಾಳೆ. ತಿಂಗಳುಗಟ್ಟಲೆ ಬಿಸಿಲು ಕಾಣುವುದಿಲ್ಲ. ಕ್ಯಾಲ್ಸಿಯಂ ಮಾತ್ರೆ ಡಬ್ಬಿಯಲ್ಲೇ ಉಳಿದಿರುತ್ತದೆ. ಅಕ್ಕನ ಬೆನ್ನಿಗೆ ಎರಡು ದಿಂಬು ಕೊಡಿ, ತೊಡೆ ಮೇಲೆ ಒಂದು ಕೊಡಿ. ಕೂಸು ಎದೆ ಹತ್ತಿರ ಬರಲಿ, ಎದೆ ಕೂಸಿನ ಹತ್ತಿರ ಹೋಗುವುದು ಬೇಡ. ವಿಟಮಿನ್ ಡಿ ಪರೀಕ್ಷೆ ಮಾಡಿಸಿ.

ಅತ್ತೆಯವರ ಮಾತು. ಅವರು ಹಡೆದರು, ನಿಜ. ಆಗ ಬೇರೆ ದಾರಿ ಇರಲಿಲ್ಲ. ಹಲ್ಲು ಕೀಳಿಸುವಾಗ ಮರಗಟ್ಟುವ ಇಂಜೆಕ್ಷನ್ ಬೇಡ ಅಂದವರನ್ನು ನಾನಂತೂ ನೋಡಿಲ್ಲ. ಹೆರಿಗೆ ಅಂದಾಗ ಮಾತ್ರ ತಡೆದುಕೋ ಅಂತಾರೆ. 1847ರಲ್ಲಿ ಎಡಿನ್‌ಬರೋದಲ್ಲಿ ಡಾಕ್ಟರ್ ಜೇಮ್ಸ್ ಸಿಂಪ್ಸನ್ ಹೆರಿಗೆಗೆ ಕ್ಲೋರೋಫಾರ್ಮ್ ಬಳಸಿದಾಗಲೂ ನೋವು ತಪ್ಪಿಸುವುದು ತಪ್ಪು ಅಂತ ವಾದ ಮಾಡಿದವರಿದ್ದರು. 1853ರಲ್ಲಿ ವಿಕ್ಟೋರಿಯಾ ರಾಣಿಯೇ ತನ್ನ ಹೆರಿಗೆಗೆ ಅದನ್ನು ತಗೊಂಡಳು. ನೋವು ತಿನ್ನುವುದರಿಂದ ಯಾರೂ ಹೆಚ್ಚಿನ ತಾಯಿ ಆಗುವುದಿಲ್ಲ, ತಪ್ಪಿಸಿಕೊಂಡರೆ ಕಮ್ಮಿಯೂ ಆಗುವುದಿಲ್ಲ. ನೀವು ವಯಸ್ಕರು. ಒಪ್ಪಿಗೆ ಪತ್ರದ ಮೇಲೆ ನಿಮ್ಮ ಸಹಿ ಇದ್ದರೆ ಸಾಕು.

ಇನ್ನು ಸಿಸೇರಿಯನ್ ಆಗೇ ಆಗುತ್ತೆ ಅನ್ನುವ ಮಾತು. ಇದು ಸುಳ್ಳು. ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಸಂಸ್ಥೆಯ 2018ರ ವಿಮರ್ಶೆ 11 ಸಾವಿರಕ್ಕೂ ಹೆಚ್ಚು ಹೆಂಗಸರ ಮೇಲೆ ನಡೆದ ಅಧ್ಯಯನಗಳನ್ನು ಒಟ್ಟಿಗೆ ನೋಡಿತು. ಎಪಿಡ್ಯೂರಲ್‌ನಿಂದ ಸಿಸೇರಿಯನ್ ಹೆಚ್ಚಾಗಲಿಲ್ಲ. ಹಳೇ ಅಧ್ಯಯನಗಳಲ್ಲಿ ಫೋರ್ಸೆಪ್ಸ್, ವ್ಯಾಕ್ಯೂಮ್ ಹಾಕಿ ಕೂಸು ತೆಗೆದದ್ದು ಜಾಸ್ತಿ ಇತ್ತು. 2005ರಿಂದ ಈಚಿನ ಅಧ್ಯಯನಗಳಲ್ಲಿ ಆ ವ್ಯತ್ಯಾಸವೂ ಕಾಣಲಿಲ್ಲ. ಈಗ ಔಷಧಿಯನ್ನು ತುಂಬ ತೆಳುವಾಗಿ ಕೊಡುತ್ತೇವೆ. ನೋವು ಹೋಗುತ್ತದೆ, ಕಾಲು ಆಡಿಸಲು ಬರುತ್ತದೆ, ಕೂಸು ಹೊರಬರಲು ಮುಕ್ಕುವ ಶಕ್ತಿ ಇರುತ್ತದೆ. ಮುಕ್ಕುವ ಹಂತ ಸ್ವಲ್ಪ ಉದ್ದ ಆಗಬಹುದು, ಅಷ್ಟೇ. ಆಮೇಲೆ ಏನೋ ಕಾರಣಕ್ಕೆ ಸಿಸೇರಿಯನ್ನೇ ಬೇಕಾದರೆ ಅದೇ ನಳಿಕೆಯಲ್ಲಿ ಗಟ್ಟಿ ಔಷಧಿ ಕೊಟ್ಟು ಆಪರೇಷನ್ ಮಾಡಬಹುದು.

ಅಲ್ಲಿ ನಿಜಕ್ಕೂ ಏನು ನಡೆಯುತ್ತದೆ ಅಂತ ತಿಳಿದಿದ್ದರೆ ಅರ್ಧ ಭಯ ಹೋಗುತ್ತದೆ. ಮೊದಲು ಕೈಗೆ ಡ್ರಿಪ್. ಮಂಚದ ಅಂಚಿಗೆ ಕೂರಿಸುತ್ತೇವೆ, ತೊಡೆ ಮೇಲೆ ದಿಂಬು, ಗದ್ದ ಎದೆಗೆ, ಬೆನ್ನು ಹೊರಗೆ ಉಬ್ಬಬೇಕು. ಮುಂದೆ ಒಬ್ಬ ನರ್ಸ್ ಭುಜ ಹಿಡಿದು ನಿಂತಿರುತ್ತಾಳೆ. ಬೆನ್ನಿಗೆ ತಣ್ಣನೆ ದ್ರಾವಣ ಬಳಿದು ಚರ್ಮ ಮರಗಟ್ಟಿಸುತ್ತೇವೆ. ಆಮೇಲೆ ದೊಡ್ಡ ಸೂಜಿ ಹೋದಾಗ ಒತ್ತಿದ ಹಾಗೆ ಗೊತ್ತಾಗುತ್ತದೆ, ಚುಚ್ಚಿದ ಹಾಗೆ ಅಲ್ಲ. ಆ ಹೊತ್ತಿಗೆ ಬ್ಯಾನಿ (ಹೆರಿಗೆ ನೋವು) ಬಂದರೆ ‘ಬಂತು’ ಅಂತ ಹೇಳಿ, ಅಲುಗಾಡಬೇಡಿ. ನಾನು ಕೈ ನಿಲ್ಲಿಸುತ್ತೇನೆ. ನಮ್ಮ ಬೆರಳಿಗೆ ಸಿರಿಂಜಿನಲ್ಲಿ ಒಂದು ತಡೆ ಸಿಗುತ್ತಿರುತ್ತದೆ. ಅದು ಪಕ್ಕನೆ ಬಿಟ್ಟುಕೊಟ್ಟರೆ ಜಾಗ ಸಿಕ್ಕಿತು ಅಂತ ಲೆಕ್ಕ. ನಳಿಕೆ ಒಳಗೆ, ಸೂಜಿ ಹೊರಗೆ. ನಳಿಕೆಯನ್ನು ಬೆನ್ನಗುಂಟ ಭುಜದವರೆಗೆ ಪ್ಲಾಸ್ಟರ್ ಹಾಕಿ ಅಂಟಿಸುತ್ತೇವೆ. ಮೊದಲು ಸ್ವಲ್ಪವೇ ಔಷಧಿ ಕೊಟ್ಟು ಕಾದು ನೋಡುತ್ತೇವೆ. 15-20 ನಿಮಿಷಕ್ಕೆ ನೋವು ಇಳಿಯುತ್ತದೆ. ಆ ಹೊತ್ತಿನಲ್ಲಿ ಪದೇಪದೇ ಬಿಪಿ ನೋಡುತ್ತೇವೆ. ಸ್ಪಿರಿಟ್ ಹತ್ತಿ ಹೊಟ್ಟೆಯ ಎರಡೂ ಬದಿಗೆ ಮುಟ್ಟಿಸಿ ‘ತಣ್ಣಗೆ ಗೊತ್ತಾಗ್ತದಾ?’ ಅಂತ ಕೇಳುತ್ತೇವೆ. ಸುಮ್ನೆ ಹೂಂ ಅನ್ನಬೇಡಿ, ಗೊತ್ತಾದದ್ದನ್ನೇ ಹೇಳಿ. ಔಷಧಿ ಎಲ್ಲಿಯವರೆಗೆ ಏರಿದೆ ಅಂತ ನಮಗೆ ತಿಳಿಯುವುದು ನಿಮ್ಮ ಮಾತಿನಿಂದ.

ತೊಂದರೆಗಳೂ ಇವೆ, ಮುಚ್ಚಿಡುವುದಿಲ್ಲ. ಬಿಪಿ ಇಳಿಯಬಹುದು, ಮೈ ತುರಿಸಬಹುದು, ನಡುಕ, ಸ್ವಲ್ಪ ಜ್ವರ ಬರಬಹುದು. ಮೂತ್ರಕ್ಕೆ ನಳಿಕೆ ಬೇಕಾಗಬಹುದು. ಸುಮಾರು ಹತ್ತರಲ್ಲಿ ಒಬ್ಬರಿಗೆ ಒಂದು ಬದಿ ನೋವು ಉಳಿದು, ನಳಿಕೆ ಸರಿಪಡಿಸಬೇಕಾಗುತ್ತದೆ. ಸುಮಾರು ನೂರರಲ್ಲಿ ಒಬ್ಬರಿಗೆ ಸೂಜಿ ಹೊದಿಕೆ ದಾಟಿ ತಲೆನೋವು ಬರುತ್ತದೆ. ಈ ತಲೆನೋವು ಎದ್ದು ಕೂತರೆ ಜೋರು, ಮಲಗಿದರೆ ಕಡಿಮೆ. ಇದಕ್ಕೆ ಚಿಕಿತ್ಸೆ ಇದೆ, ಮನೆಯಲ್ಲಿ ಸಹಿಸಿಕೊಂಡು ಕೂರಬೇಡಿ. ನರಕ್ಕೆ ಶಾಶ್ವತ ಪೆಟ್ಟು ಬೀಳುವುದು ತೀರಾ ಅಪರೂಪ.

ಇಷ್ಟು ಹೇಳಿದ ಮೇಲೂ ನಿಮಗೆ ‘ತಗೊಳ್ಳಿ’ ಅಂತ ನಾನು ಇನ್ನೂ ಹೇಳಿಲ್ಲ. ಕಾರಣ, ನಿಮ್ಮ ಪತ್ರದಲ್ಲಿ ಆಸ್ಪತ್ರೆಯ ಮಾತೇ ಇಲ್ಲ. ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ವಿಷಯ ಅದು.

ಎಪಿಡ್ಯೂರಲ್ ಹಾಕುವುದಕ್ಕೆ ಅರ್ಧ ಗಂಟೆ. ಅದನ್ನು ನೋಡಿಕೊಳ್ಳುವುದು ಇಡೀ ರಾತ್ರಿಯ ಕೆಲಸ. ನಮ್ಮ ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಎಷ್ಟೋ ನರ್ಸಿಂಗ್ ಹೋಮ್‌ಗಳಲ್ಲಿ ಅರಿವಳಿಕೆ ಡಾಕ್ಟರ್ ಅಲ್ಲೇ ಇರುವುದಿಲ್ಲ. ಸಿಸೇರಿಯನ್ ಇದ್ದಾಗ ಫೋನ್ ಮಾಡಿ ಕರೆಸುತ್ತಾರೆ. ಅವರು ಬಂದು, ಕೆಲಸ ಮುಗಿಸಿ, ಇನ್ನೊಂದು ಆಸ್ಪತ್ರೆಗೆ ಹೋಗುತ್ತಾರೆ. ಸಿಸೇರಿಯನ್‌ಗೆ ಇದು ಹೇಗೋ ನಡೆಯುತ್ತದೆ, ಯಾಕೆಂದರೆ ಆಪರೇಷನ್ ಮುಗಿಯುವವರೆಗೆ ಅವರು ಪಕ್ಕದಲ್ಲೇ ಇರುತ್ತಾರೆ. ಎಪಿಡ್ಯೂರಲ್‌ಗೆ ನಡೆಯುವುದಿಲ್ಲ. ರಾತ್ರಿ ಎರಡು ಗಂಟೆಗೆ ನಿಮ್ಮ ಬಿಪಿ ಇಳಿದರೆ, ನಳಿಕೆ ರಕ್ತನಾಳಕ್ಕೆ ಸರಿದು ಔಷಧಿ ರಕ್ತಕ್ಕೆ ಸೇರಿದರೆ, ಅಲ್ಲಿ ಯಾರಿರುತ್ತಾರೆ? ನಳಿಕೆ ಹಾಕಿ ಹೊರಟುಹೋಗುವ ಕಡೆ ಎಪಿಡ್ಯೂರಲ್ ತಗೊಳ್ಳಬೇಡಿ. ಇದು ನನ್ನ ಗಟ್ಟಿ ಮಾತು. ಅಂಥ ಕಡೆ ನಾನೂ ಹಾಕುವುದಿಲ್ಲ. ಅತಿ ಹೆದರಿಕೆ ಅಂತ ಕೆಲವು ಸಹೋದ್ಯೋಗಿಗಳು ಹೇಳುತ್ತಾರೆ. ಹೇಳಲಿ.

ಹಾಗಾಗಿ ಈ ವಾರವೇ ಆಸ್ಪತ್ರೆಗೆ ಹೋಗಿ ಕೇಳಿ. ಅರಿವಳಿಕೆ ಡಾಕ್ಟರ್ ರಾತ್ರಿ ಆಸ್ಪತ್ರೆಯೊಳಗೇ ಇರುತ್ತಾರಾ, ಫೋನ್ ಮಾಡಿದರೆ ಬರುತ್ತಾರಾ? ಕೂಸಿನ ಎದೆಬಡಿತವನ್ನು ಮಷಿನ್‌ನಲ್ಲಿ ಬಿಡದೆ ನೋಡುತ್ತಾರಾ? ಆಪರೇಷನ್ ಥಿಯೇಟರ್ ಅದೇ ಕಟ್ಟಡದಲ್ಲಿದೆಯಾ? 20% ಲಿಪಿಡ್ (ಕೊಬ್ಬಿನ ದ್ರಾವಣ) ಬಾಟಲಿ ಇಟ್ಟಿದ್ದಾರಾ? ಈ ಕೊನೆಯ ಪ್ರಶ್ನೆ ಕೇಳಲು ಸಂಕೋಚ ಬೇಡ. ಔಷಧಿ ರಕ್ತಕ್ಕೆ ಸೇರಿದರೆ ಬೇಕಾಗುವುದು ಅದೇ. ದಿನವೂ ಎಪಿಡ್ಯೂರಲ್ ಮಾಡುವ ಕಡೆ ಅದು ಎಲ್ಲಿದೆ ಅಂತ ಕೂಡಲೇ ತೋರಿಸುತ್ತಾರೆ. ಉತ್ತರ ತಡವರಿಸಿದರೆ ಬೇರೆ ಕಡೆ ವಿಚಾರಿಸಿ. ಅದು ಬಳ್ಳಾರಿಯೋ ರಾಯಚೂರೋ ಆದರೆ ದಿನ ತುಂಬುವ ಮುಂಚೆಯೇ ಅಲ್ಲಿ ಯಾರದಾದರೂ ಮನೆಗೆ ಹೋಗಿ ಇರಿ. ಬ್ಯಾನಿ ಶುರುವಾದ ಮೇಲೆ ಸಿಂಧನೂರಿನಿಂದ ಕಾರು ಹತ್ತುವುದು ಬೇಡ.

ಹೋದಾಗ ಅರಿವಳಿಕೆ ಡಾಕ್ಟರನ್ನೇ ಒಮ್ಮೆ ಭೇಟಿಯಾಗಿ. ಬೆನ್ನಿನ ಆಪರೇಷನ್ ಆಗಿದ್ದರೆ, ರಕ್ತ ತೆಳು ಮಾಡುವ ಇಂಜೆಕ್ಷನ್ ನಡೆಯುತ್ತಿದ್ದರೆ ಹೇಳಿ. ಪ್ಲೇಟ್‌ಲೆಟ್ ಪರೀಕ್ಷೆ ತಗೊಂಡು ಹೋಗಿ. 70-80 ಸಾವಿರಕ್ಕಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ನಾವು ಕೈ ಹಾಕುವುದಿಲ್ಲ. ಬಿಪಿ ಏರಿದವರು, ಅವಳಿ ಇರುವವರು, ಡ್ರಿಪ್ ಹಾಕಿ ನೋವು ಬರಿಸಬೇಕಾದವರು, ತೂಕ ತುಂಬ ಇರುವವರು ಕೇಳಿದರೆ, ಸೌಲಭ್ಯ ಇದ್ದ ಕಡೆ ತಗೊಳ್ಳಿ ಅಂತಲೇ ಹೇಳುತ್ತೇನೆ. ನಿಮ್ಮಂಥ ಮೊದಲ ಹೆರಿಗೆಯವರಿಗೆ ಮನಸ್ಸಿದ್ದರೆ ಸಾಕು, ಬೇರೆ ಕಾರಣ ಬೇಕಿಲ್ಲ. ಗರ್ಭಕೋಶದ ಬಾಯಿ ನಾಲ್ಕು ಸೆಂಟಿಮೀಟರ್ ತೆರೆಯುವವರೆಗೆ ಕಾಯಬೇಕು ಅನ್ನುವುದು ಹಳೇ ನಿಯಮ. ಬ್ಯಾನಿ ಸರಿಯಾಗಿ ಹಿಡಿದ ಮೇಲೆ ಕೇಳಿದಾಗ ಕೊಡಬಹುದು. ಆದರೆ ತಲೆ ಕಾಣುವ ಹೊತ್ತಿಗೆ ಕೇಳಿದರೆ ಆಗುವುದಿಲ್ಲ.

ಸೌಲಭ್ಯ ಎಲ್ಲೂ ಸಿಗದಿದ್ದರೆ ಒದ್ದಾಡಬೇಡಿ. ಮೂಗಿಗೆ ಹಿಡಿಯುವ ಗ್ಯಾಸ್ ಇರುವ ಆಸ್ಪತ್ರೆಗಳಿವೆ, ನೋವಿನ ಇಂಜೆಕ್ಷನ್‌ಗಳಿವೆ. ಎಲ್ಲಕ್ಕಿಂತ ಮುಖ್ಯ, ಪಕ್ಕದಲ್ಲಿ ನಿಮಗೆ ಬೇಕಾದವರು ಒಬ್ಬರು ಇರಲಿ. 2017ರಲ್ಲಿ ಶುರುವಾದ ಕೇಂದ್ರದ ‘ಲಕ್ಷ್ಯ’ ಕಾರ್ಯಕ್ರಮದ ಪ್ರಕಾರ ಸರ್ಕಾರಿ ಹೆರಿಗೆ ಕೋಣೆಯಲ್ಲೂ ಜೊತೆಗಾರ್ತಿಗೆ ಅವಕಾಶ ಇದೆ. ಹೊರಗೆ ಕಳಿಸಿದರೆ ಕೇಳಿ.

ಎಪಿಡ್ಯೂರಲ್ ತಗೊಂಡರೆ ಮಗುವಿನ ಬುದ್ಧಿ ಮಂದ ಆಗುತ್ತಾ? (ಗಂಗಾವತಿ)

ಇಲ್ಲ.

ಮುಹೂರ್ತ ನೋಡಿ ಸಿಸೇರಿಯನ್ ಮಾಡಿಸಿದರೆ ಯಾವ ಅರಿವಳಿಕೆ ಒಳ್ಳೇದು? (ಹೊಸಪೇಟೆ ರಸ್ತೆ, ಕೊಪ್ಪಳ)

ಮುಹೂರ್ತಕ್ಕಾಗಿ ಹೊಟ್ಟೆ ಕುಯ್ಯುವುದಕ್ಕೆ ನನ್ನ ಹತ್ತಿರ ಸಲಹೆ ಇಲ್ಲ.

2024ರಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರು ಸತ್ತ ಮೇಲೆ ಡ್ರಿಪ್ ಅಂದರೇ ಜೀವ ಹೋಗುತ್ತೆ. ಎಪಿಡ್ಯೂರಲ್‌ಗೆ ಡ್ರಿಪ್ ಹಾಕಲೇಬೇಕಾ? (ಸಿರುಗುಪ್ಪ)

ನಿಮ್ಮ ಭಯ ಸುಳ್ಳಲ್ಲ. ಆ ನವೆಂಬರ್‌ನಲ್ಲಿ ಸಿಸೇರಿಯನ್ ಆದ ತಾಯಂದಿರು ಒಬ್ಬೊಬ್ಬರಾಗಿ ತೀರಿಕೊಂಡಿದ್ದನ್ನು ಈ ಊರು ಮರೆತಿಲ್ಲ, ನಾನೂ ಮರೆತಿಲ್ಲ. ಡ್ರಿಪ್ ದ್ರಾವಣದ ಗುಣಮಟ್ಟದ ಮೇಲೆ ಪ್ರಶ್ನೆ ಎದ್ದು, ಸರ್ಕಾರ ಆ ಕಂಪನಿಯ ದ್ರಾವಣದ ಬಳಕೆ ನಿಲ್ಲಿಸಿತು. ಆದರೂ ಡ್ರಿಪ್ ಇಲ್ಲದೆ ಎಪಿಡ್ಯೂರಲ್ ಕೊಡುವ ಹಾಗಿಲ್ಲ. ಬಿಪಿ ಇಳಿದರೆ ಔಷಧಿ ಕೊಡಲು ದಾರಿ ಅದೊಂದೇ. ನೀವು ಮಾಡಬಹುದಾದದ್ದು ಇದೆ. ಬಾಟಲಿಯನ್ನು ಬೆಳಕಿಗೆ ಹಿಡಿದು ತೋರಿಸಲು ಹೇಳಿ. ನೀರು ತಿಳಿಯಾಗಿರಬೇಕು, ಒಳಗೆ ಏನೂ ತೇಲಬಾರದು. ಅವಧಿ ದಿನಾಂಕ ನೋಡಿ. ಬ್ಯಾಚ್ ನಂಬರ್ ಕೇಸ್‌ಶೀಟ್‌ನಲ್ಲಿ ಬರೆಯಲು ಕೇಳಿ. ಕೇಳಿದ್ದಕ್ಕೆ ರೇಗುವ ಆಸ್ಪತ್ರೆಯಲ್ಲಿ ತಪ್ಪು ಅವರದು.

ಮೊದಲನೆಯದು ಸಿಸೇರಿಯನ್. ಎರಡನೆಯದನ್ನು ನಾರ್ಮಲ್ ಮಾಡೋಣ ಅಂತಾರೆ. ಎಪಿಡ್ಯೂರಲ್ ಕೊಟ್ಟರೆ ಹಳೇ ಹೊಲಿಗೆ ಬಿಟ್ಟಿದ್ದು ಗೊತ್ತಾಗಲ್ಲ ಅಲ್ವಾ? (ಮಾನ್ವಿ)

ಗೊತ್ತಾಗುತ್ತದೆ. ಹೊಲಿಗೆ ಬಿಡುವಾಗ ಸಾಮಾನ್ಯವಾಗಿ ಮೊದಲು ಕೆಡುವುದು ಕೂಸಿನ ಎದೆಬಡಿತ. ಅದನ್ನು ಮಷಿನ್ ತೋರಿಸುತ್ತದೆ. ಆದರೆ ಥಿಯೇಟರ್ ತಯಾರಿರುವ ದೊಡ್ಡ ಆಸ್ಪತ್ರೆಯಲ್ಲಿ ಮಾತ್ರ ಈ ಪ್ರಯತ್ನ ಮಾಡಿ, ಎಪಿಡ್ಯೂರಲ್ ಇರಲಿ ಬಿಡಲಿ.

ಹರಳೆಣ್ಣೆ ಕುಡಿದರೆ ನೋವು ಬೇಗ ಬಂದು ಹೆರಿಗೆ ಸಲೀಸಾಗುತ್ತಾ? (ಯಲಬುರ್ಗಾ)

ಭೇದಿ ಆಗಿ ಸುಸ್ತಾಗಿ ಬರುತ್ತೀರಿ. ಬೇಡ.

ಬೆನ್ನಿನಲ್ಲಿ ಉಳಿದ ಇಂಜೆಕ್ಷನ್ ‘ನಂಜು’ ತೆಗೆಯುವವರು ನಮ್ಮೂರ ಹತ್ತಿರ ಇದ್ದಾರೆ. ತೋರಿಸಲಾ? (ಕುರುಗೋಡು)

ಬೆನ್ನಿನಲ್ಲಿ ಯಾವ ನಂಜೂ ಉಳಿಯುವುದಿಲ್ಲ. ಔಷಧಿ ಕೆಲವು ತಾಸಿನಲ್ಲಿ ಮೈಯಿಂದ ಹೋಗಿರುತ್ತದೆ. ಇವರು ಬೆನ್ನಿಗೆ ಬ್ಲೇಡಿನಿಂದ ಗೀರಿ, ಲೋಟ ಕವಿಚಿ, ಕಪ್ಪು ರಕ್ತ ತೋರಿಸಿ ದುಡ್ಡು ಕೀಳುತ್ತಾರೆ. ಆ ಬಣ್ಣ ಯಾರ ರಕ್ತ ಹೆಪ್ಪುಗಟ್ಟಿದರೂ ಬರುತ್ತದೆ. ಅದೇ ಬ್ಲೇಡ್ ಇನ್ನೊಬ್ಬರ ಬೆನ್ನಿಗೂ ಹೋಗಿರುತ್ತದೆ. ಹಸಿ ಬಾಣಂತಿಯನ್ನು ಇವರ ಮುಂದೆ ಕೂರಿಸುವ ಮನೆಯವರನ್ನು ಕಂಡರೆ ನನಗೆ ತಡೆದುಕೊಳ್ಳಲು ಆಗುವುದಿಲ್ಲ.

ಆಸ್ಪತ್ರೆ ದೂರ. ಊರಿನ ಆರ್‌ಎಂಪಿ (ಡಿಗ್ರಿ ಇಲ್ಲದ ಡಾಕ್ಟರ್) ಮನೆಗೇ ಬಂದು ನೋವು ಹೆಚ್ಚಾಗುವ ಇಂಜೆಕ್ಷನ್ ಹಾಕ್ತಾರೆ. ಬೇಗ ಮುಗಿಯುತ್ತೆ ಅಂತಾರೆ. ನಿಜವಾ? (ದೇವದುರ್ಗ)

ಅದು ಆಕ್ಸಿಟೋಸಿನ್. ಆಸ್ಪತ್ರೆಯಲ್ಲಿ ಕೂಸು ಹುಟ್ಟುವ ಮುಂಚೆ ಅದನ್ನು ಹನಿ ಲೆಕ್ಕದಲ್ಲಿ, ಎದೆಬಡಿತ ನೋಡುತ್ತಾ ಕೊಡುತ್ತಾರೆ. ಜಾಸ್ತಿ ಆದರೆ ತಕ್ಷಣ ನಿಲ್ಲಿಸುತ್ತಾರೆ. ತೊಡೆಗೋ ಸೊಂಟಕ್ಕೋ ಒಮ್ಮೆಲೇ ಚುಚ್ಚಿದರೆ ಯಾರೂ ವಾಪಸ್ ತೆಗೆಯಲಾರರು. ಗರ್ಭಕೋಶ ಬಿಡುವಿಲ್ಲದೆ ಬಿಗಿದು ಕೂಸಿಗೆ ಉಸಿರು ಸಿಗುವುದಿಲ್ಲ, ಗರ್ಭಕೋಶವೇ ಹರಿಯಬಹುದು. ಹೀಗೆ ಮಾಡುವವನನ್ನು ಮನೆಯ ಹೊಸ್ತಿಲು ದಾಟಿಸಬೇಡಿ. ಈಗಾಗಲೇ ಹಾಕಿಸಿದ್ದರೆ 108ಕ್ಕೆ ಫೋನ್ ಮಾಡಿ. ಆಸ್ಪತ್ರೆ ಮುಟ್ಟಿದ ಕೂಡಲೇ ಎಷ್ಟು ಹೊತ್ತಿಗೆ ಹಾಕಿದರು, ಎಷ್ಟು ಸಲ ಹಾಕಿದರು ಅಂತ ಹೇಳಿ. ಒಡೆದ ಸೀಸೆ ಸಿಕ್ಕರೆ ಕಾಗದದಲ್ಲಿ ಸುತ್ತಿಕೊಂಡು ತನ್ನಿ.