ಹಣ ಒಬ್ಬರ ಜೇಬಿಗೆ, ನಷ್ಟ ಇನ್ನೊಬ್ಬರ ಲೆಕ್ಕಕ್ಕೆ

"ಬಡ ದೇಶದಲ್ಲಿ ಚೆನ್ನಾಗಿ ಓದಿದವರು ಹೊರಗೆ ಹೋದರೂ ಮನೆಗೆ ಹಣ ಕಳಿಸುತ್ತಾರಲ್ಲ, ಹಾಗಾದರೆ ದೇಶಕ್ಕೇನು ನಷ್ಟ?" ಎಂದು ಕೇಳಿದ್ದೀರಿ. ನಾನೂ ಬಹಳ ದಿನ ಹಾಗೇ ಅಂದುಕೊಂಡಿದ್ದೆ. ಆದರೆ ಖರ್ಚು ಮಾಡಿದವರು ಒಬ್ಬರು, ಹಣ ಸೇರುವುದು ಇನ್ನೊಬ್ಬರಿಗೆ. ಲೆಕ್ಕ ತಪ್ಪುವುದು ಅಲ್ಲೇ.

ಡಾಕ್ಟರನ್ನೇ ತೆಗೆದುಕೊಳ್ಳಿ. ಸರ್ಕಾರಿ ಕಾಲೇಜಿನಲ್ಲಿ ಓದಿದ್ದರೆ ಆ ಖರ್ಚಿನ ಬಹುಪಾಲು ಜನರ ತೆರಿಗೆಯದು. ಹೊರಗಿಂದ ಬರುವ ಹಣ ಮಾತ್ರ ಅಪ್ಪ ಅಮ್ಮನ ಖಾತೆಗೆ. ಸಾಲ ತೀರುತ್ತದೆ, ತಂಗಿಯ ಫೀಸು ಕಟ್ಟಿದ್ದಾಗುತ್ತದೆ. ತುಂಬಾ ಒಳ್ಳೆಯದು. ಆದರೆ ಆಸ್ಪತ್ರೆಯಲ್ಲಿ ಆ ಡಾಕ್ಟರ ಜಾಗ ಖಾಲಿಯೇ. ಮುಂದಿನವರಿಗೆ ಕಲಿಸುವ ಹಿರಿಯರೂ ಕಡಿಮೆಯಾಗುತ್ತಾರೆ, ಇದನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ಹೀಗೆ ಹೋದವರ ಸಂಪಾದನೆಯ ಮೇಲೆ ತೆರಿಗೆ ಹಾಕಿ ತಾಯ್ನಾಡಿಗೆ ಕೊಡಬೇಕು ಎಂದು ಅರ್ಥಶಾಸ್ತ್ರಜ್ಞ ಜಗದೀಶ್ ಭಗವತಿ 1970ರ ದಶಕದಲ್ಲೇ ಹೇಳಿದ್ದರು. ಹೀಗೆ ಹೋದವರನ್ನು ಕರೆಸಿಕೊಂಡ ಶ್ರೀಮಂತ ದೇಶಗಳು ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

ದೇಶ ಎಷ್ಟು ದೊಡ್ಡದು ಅನ್ನುವುದೂ ಮುಖ್ಯ. 2022ರಲ್ಲಿ ಹೊರಗಿದ್ದವರು ಭಾರತಕ್ಕೆ ಕಳಿಸಿದ ಹಣ 10,000 ಕೋಟಿ ಡಾಲರ್ ದಾಟಿತು. ಅಷ್ಟು ದೊಡ್ಡ ದೇಶದಲ್ಲಿ ಕೆಲವು ಲಕ್ಷ ಎಂಜಿನಿಯರುಗಳು ಹೋದರೆ ಅವರ ಜಾಗಕ್ಕೆ ಬೇರೆಯವರು ಬರುತ್ತಾರೆ. ಗಯಾನಾ, ಜಮೈಕಾದಂಥ ಪುಟ್ಟ ದೇಶಗಳ ಕಥೆ ಬೇರೆ. 2000ದ ಹೊತ್ತಿಗೆ ಅಲ್ಲಿನ ಕಾಲೇಜು ಓದಿದ ಹತ್ತು ಜನರಲ್ಲಿ ಎಂಟಕ್ಕಿಂತ ಜಾಸ್ತಿ ಮಂದಿ ಹೊರಗಿದ್ದರು.

ಹಾಗಂತ ಸುಮ್ನೆ ಬಾಗಿಲು ಹಾಕಿದರೆ ಆಯ್ತು ಅಂತಲ್ಲ. ಹೊರಗೆ ಕೆಲಸ ಸಿಗುತ್ತದೆ ಎಂದು ಗೊತ್ತಾದರೆ ಓದುವವರೂ ಜಾಸ್ತಿಯಾಗುತ್ತಾರೆ. ಫಿಜಿಯಲ್ಲಿ 1987ರ ಸೇನಾ ದಂಗೆಯ ನಂತರ ಭಾರತೀಯ ಮೂಲದವರು ದೊಡ್ಡ ಸಂಖ್ಯೆಯಲ್ಲಿ ದೇಶ ಬಿಟ್ಟರು. ಹೊರಡಲು ಡಿಗ್ರಿ ಬೇಕು ಎಂದು ಓದಿದವರಲ್ಲಿ ಎಷ್ಟೋ ಮಂದಿ ಅಲ್ಲೇ ಉಳಿದರು. ಫಿಲಿಪೈನ್ಸಿನಲ್ಲಿ ಇದೇ ಆಸೆಗೆ ನರ್ಸಿಂಗ್ ಕಾಲೇಜುಗಳು ಬೆಳೆದವು. ಆದರೆ ಅಲ್ಲೊಂದು ವಿಚಿತ್ರವೂ ನಡೆಯಿತು. ಹೊರಗೆ ಹೋಗಲಿಕ್ಕೆಂದೇ ಡಾಕ್ಟರುಗಳು ಮತ್ತೆ ನರ್ಸಿಂಗ್ ಓದಿದರು! ಇದನ್ನು ಲಾಭ ಅನ್ನೋಣವಾ, ನಷ್ಟ ಅನ್ನೋಣವಾ?

ಹೋದವರು ಅನುಭವ ಹೊತ್ತು ವಾಪಸ್ ಬಂದರೆ ಲೆಕ್ಕವೇ ಬದಲಾಗುತ್ತದೆ. ಎಂಜಿನಿಯರ್ ಮೋರಿಸ್ ಚಾಂಗ್ ಅಮೆರಿಕದಲ್ಲಿ ದಶಕಗಳ ಕಾಲ ದುಡಿದು 1985ರಲ್ಲಿ ತೈವಾನಿಗೆ ಬಂದರು (ಅವರು ಹುಟ್ಟಿದ್ದು ಚೀನಾದಲ್ಲಿ, ಅದು ಬೇರೆ ಮಾತು). 1987ರಲ್ಲಿ ಅವರ ಕಂಪ್ಯೂಟರ್ ಚಿಪ್ ತಯಾರಿಸುವ ಕಂಪನಿ ಟಿಎಸ್‌ಎಂಸಿ ಶುರುವಾಯಿತು. ಆದರೆ ಅವರು ಬರೀ ನಾಡಿನ ಮೇಲಿನ ಪ್ರೀತಿಗೆ ಬಂದವರಲ್ಲ. ಅವರನ್ನು ಕರೆದದ್ದು ತೈವಾನ್ ಸರ್ಕಾರ. ಕಂಪನಿಯ ಮೊದಲ ಬಂಡವಾಳದಲ್ಲಿ ಹತ್ತಿರ ಹತ್ತಿರ ಅರ್ಧ ಹಾಕಿದ್ದೂ ಅದೇ.